ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿದೆಯೇ?

(ಪತ್ರದ ಸಾರ: ಹಾಸನದವರಾದ ಈ ಓದುಗರು ಕಳೆದ ಏಪ್ರಿಲ್‌ನಲ್ಲಿ ಪತಿ ಮತ್ತು ನಾಲ್ಕು ವರ್ಷದ ಮಗನೊಂದಿಗೆ ಜರ್ಮನಿಯ ಸ್ಟುಟ್‌ಗಾರ್ಟ್ ಬಳಿಯ ಬೋಬ್ಲಿಂಗೆನ್‌ಗೆ ಹೋಗಿದ್ದಾರೆ. ಊರಿನಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕಿಯಾಗಿದ್ದರು. ಭಾನುವಾರ ಬೆಳಿಗ್ಗೆ ಮಿಕ್ಸಿ ಹಾಕಿದ್ದಕ್ಕೆ ಕೆಳಮನೆಯ ಅಜ್ಜಿ ಬಂದು ಗದರಿದ್ದಾರೆ. ಬಾಗಿಲಿಗೆ ಯಾರೋ ಒಂದು ಫಲಕ ನೇತುಹಾಕಿ ಹೋಗಿದ್ದಾರೆ. ಮನೆ ಬದಲಿಸಿದ ಮೇಲೆ ಇವರ ಹೆಸರಿಗೆ ಅಂಚೆಯೇ ಬಂದಿಲ್ಲ, ಆರೋಗ್ಯ ವಿಮೆಯ ಕಾರ್ಡೂ ಕೈಸೇರಿಲ್ಲ. ಮಗ ಮನೆಯಲ್ಲೂ ಜರ್ಮನ್ ಶುರುಮಾಡಿದ್ದಾನೆ. ‘ನಮ್ಮನ್ನು ಕಂಡರಾಗದ ಊರಿನಲ್ಲಿ ಯಾಕಿರಬೇಕು? ಮಗನನ್ನು ಕರೆದುಕೊಂಡು ವಾಪಸ್ ಬಂದುಬಿಡಲೇ?’ ಎಂದು ಕೇಳಿದ್ದಾರೆ. ಕೋರಿಕೆಯಂತೆ ಹೆಸರು ಪ್ರಕಟಿಸಿಲ್ಲ.)

ಪ್ರಿಯ ಸಹೋದರಿ,

ಮೊದಲು ಆ ಫಲಕದ ವಿಷಯ. ಅದರ ಮೇಲೆ ‘ಕೇರ್‌ವೋಖೆ’ ಎಂದು ಬರೆದಿರಬೇಕು, ನೋಡಿ. ಸ್ಟುಟ್‌ಗಾರ್ಟ್ ಸುತ್ತಲಿನ ಸ್ವೇಬಿಯನ್ ಸೀಮೆಯಲ್ಲಿ ಒಂದೇ ಕಟ್ಟಡದ ಮನೆಗಳವರು ವಾರಕ್ಕೊಬ್ಬರಂತೆ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಅದು. ಕೆಲವು ಕಡೆ ನೆಲಮಾಳಿಗೆಯ ಓಣಿ, ಮನೆ ಮುಂದಿನ ಕಾಲುದಾರಿ, ಹಿಮ ಬಿದ್ದರೆ ಹಿಮವೂ ಸರದಿಯವರ ಪಾಲಿಗೆ. ಸ್ಟುಟ್‌ಗಾರ್ಟ್‌ನ ಬೀದಿ ಶುಚಿತ್ವದ ಆಜ್ಞೆಗಳು 15ನೇ ಶತಮಾನದ ಕೊನೆಯಿಂದಲೇ ಇವೆ, ಹಾಗಾಗಿ ನೀವು ಬಂದಿರೆಂದು ಹೊಸದಾಗಿ ಹುಟ್ಟಿಸಿದ್ದಲ್ಲ. ಫಲಕ ನಿಮ್ಮ ಬಾಗಿಲಲ್ಲಿದ್ದರೆ ಆ ವಾರ ನಿಮ್ಮದು. ಕೆಲಸ ಮುಗಿದ ಮೇಲೆ ಪಕ್ಕದ ಬಾಗಿಲಿಗೆ ನೇತುಹಾಕಿ ಬನ್ನಿ. ನೀವು ಅದನ್ನು ಬಿಚ್ಚಿ ಅಡುಗೆಮನೆಯ ಕಪಾಟಿನಲ್ಲಿಟ್ಟಿದ್ದೀರಿ ಎಂದು ಬರೆದಿದ್ದೀರಿ. ಇಡೀ ಕಟ್ಟಡ ಅದನ್ನು ಹುಡುಕುತ್ತಿರಬಹುದು!

ಮಿಕ್ಸಿಯ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ಅಲ್ಲಿ ಭಾನುವಾರದ ವಿಶ್ರಾಂತಿಗೆ ಸಂವಿಧಾನದ ರಕ್ಷಣೆಯೇ ಇದೆ. ಅಂಗಡಿಗಳು ಮುಚ್ಚಿರುತ್ತವೆ, ಖಾಲಿ ಗಾಜಿನ ಸೀಸೆಯನ್ನು ಬೀದಿಯ ತೊಟ್ಟಿಗೆ ಹಾಕಲೂ ಬಾರದು, ‘ಠಣ್’ ಎನ್ನುತ್ತದೆಂದು. ಇನ್ನು ತೆಂಗಿನಕಾಯಿ ಚಟ್ನಿಯನ್ನು ಬೆಳಿಗ್ಗೆ ಏಳಕ್ಕೆ ರುಬ್ಬಿದರೆ ಕೆಳಗಿನವರ ಗತಿಯೇನು? ಶನಿವಾರ ಸಂಜೆಯೇ ರುಬ್ಬಿ ಫ್ರಿಜ್ಜಿನಲ್ಲಿಡಿ. ಜನಾಂಗದ ತಾತ್ಸಾರ ಆ ದೇಶದಲ್ಲಿ ಇಲ್ಲವೆಂದು ನಾನು ಹೇಳುವುದಿಲ್ಲ, ಇದೆ. ಬಾಡಿಗೆಗೆ ಮನೆ ಹುಡುಕಿದ ಯಾರನ್ನಾದರೂ ಕೇಳಿ. ಆದರೆ ನೀವು ಬರೆದ ಎರಡು ಪ್ರಸಂಗಗಳಲ್ಲಿ ನನಗದು ಕಾಣಲಿಲ್ಲ. ಬೀದಿಯ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಆ ಅಜ್ಜಿ ಎಲ್ಲರನ್ನೂ ಗದರುತ್ತಾರೆಂದು ನನ್ನ ಊಹೆ. ಹಾಸನದಲ್ಲೂ ಅಂಥವರಿದ್ದಾರೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಪುಟದುದ್ದಕ್ಕೂ ‘ಅವರು ನೋಡಿಕೊಳ್ಳುತ್ತಾರೆ’ ಎಂಬ ಮಾತು. ಬ್ಯಾಂಕು ಅವರು, ವೈದ್ಯರ ಅಪಾಯಿಂಟ್‌ಮೆಂಟ್ ಅವರು, ಮಗನ ಶಿಶುವಿಹಾರದ ಪತ್ರಗಳು ಅವರು. ನಿಮ್ಮ ಯಜಮಾನರು ಒಳ್ಳೆಯವರು, ಅದರಲ್ಲಿ ಸಂಶಯವಿಲ್ಲ. ನಲವತ್ತು ಮಕ್ಕಳ ತರಗತಿಯನ್ನು ಒಂದು ನೋಟದಲ್ಲಿ ಸುಮ್ಮನಾಗಿಸುತ್ತಿದ್ದ ಹೆಂಗಸು ಈಗ ಹಾಲು ತರಲೂ ಜೊತೆ ಬೇಕೆನ್ನುತ್ತಿದ್ದಾರೆ. ನಿಮ್ಮನ್ನು ಹಿಂಡುತ್ತಿರುವುದು ಜರ್ಮನಿಗಿಂತ ಹೆಚ್ಚಾಗಿ ಇದೇ ಎಂದು ನನ್ನ ಅನಿಸಿಕೆ.

ಅಂಚೆಯ ಗುಟ್ಟು ಕೇಳಿ. ಅಲ್ಲಿ ಕಟ್ಟಡದೊಳಗೆ ಮನೆಗಳಿಗೆ ನಂಬರು ಇರುವುದು ಅಪರೂಪ. ಕರೆಗಂಟೆಯ ಪಕ್ಕ, ಪೆಟ್ಟಿಗೆಯ ಮೇಲೆ ಇರುವ ಹೆಸರು ನೋಡಿ ಅಂಚೆಯವರು ಪತ್ರ ಹಾಕುತ್ತಾರೆ. ನಮ್ಮಲ್ಲಿ ಗಂಡನ ಹೆಸರಿನ ಕೊನೆ ಒಂದು, ಹೆಂಡತಿಯದು ಇನ್ನೊಂದು. ನಿಮ್ಮ ಪೆಟ್ಟಿಗೆಯ ಮೇಲೆ ಅವರ ಹೆಸರು ಮಾತ್ರ ಇರಬೇಕು. ನಿಮ್ಮ ವಿಮೆಯ ಕಾರ್ಡು ಬಂದು, ಅಂಥ ಹೆಸರಿನವರು ಇಲ್ಲಿಲ್ಲವೆಂದು ಮರಳಿ ಹೋಗಿರುತ್ತದೆ. ಇಂದೇ ಒಂದು ಚೀಟಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಬರೆದು ಅಂಟಿಸಿ. ಆಮೇಲೆ ವಿಮೆಯವರಿಗೆ ನೀವೇ ಫೋನು ಮಾಡಿ. ಇಂಗ್ಲಿಷ್ ಬಲ್ಲವರು ಸಿಗುತ್ತಾರೆ, ಸಿಗದಿದ್ದರೆ ಇನ್ನೊಮ್ಮೆ ಮಾಡಿ.

ಅಂಚೆ ಬರತೊಡಗಿದ ಮೇಲೆ ಯಾವುದನ್ನೂ ಒಡೆಯದೆ ಬಿಡಬೇಡಿ. ಅಲ್ಲಿಯ ಸರಕಾರ ಕಾಗದದಲ್ಲೇ ಮಾತಾಡುತ್ತದೆ. ಟಿವಿ ಇರಲಿ ಬಿಡಲಿ, ಪ್ರತಿ ಮನೆಯೂ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ ಕಟ್ಟಬೇಕು. ಆ ಪತ್ರವನ್ನು ಜಾಹೀರಾತೆಂದು ಬಿಸುಟವರು ಆಮೇಲೆ ದಂಡ ಸೇರಿಸಿ ಕಟ್ಟುತ್ತಾರೆ. ರಾತ್ರಿ ಮಗುವಿಗೆ ಜ್ವರ ಬಂದು ವೈದ್ಯರ ಬಾಗಿಲು ಮುಚ್ಚಿದ್ದರೆ 116117ಕ್ಕೆ ಕರೆಮಾಡಿ, ಪ್ರಾಣಕ್ಕೆ ಅಪಾಯವೆಂದರೆ 112. ಇವೆರಡನ್ನೂ ಫ್ರಿಜ್ಜಿನ ಮೇಲೆ ಅಂಟಿಸಿಟ್ಟರೆ ಸಾಕು.

ಕೆಲಸದ ಬಗ್ಗೆ ನಿಷ್ಠುರವಾಗಿಯೇ ಹೇಳುತ್ತೇನೆ. ನಿಮ್ಮ ಬಿ.ಎಡ್. ಹಿಡಿದು ನಾಳೆಯೇ ಅಲ್ಲಿನ ಸರಕಾರಿ ಶಾಲೆಯಲ್ಲಿ ಗಣಿತ ಕಲಿಸಲಾಗದು. ಶಿಕ್ಷಕರ ಅರ್ಹತೆಗೆ ಮಾನ್ಯತೆ ಕೊಡುವುದು ಆಯಾ ರಾಜ್ಯ, ಅಲ್ಲಿ ಸಾಮಾನ್ಯವಾಗಿ ಎರಡು ವಿಷಯಗಳನ್ನು ಓದಿರಬೇಕು, ಜರ್ಮನ್ ಗಟ್ಟಿಯಾಗಿರಬೇಕು. ವರ್ಷಗಳ ದಾರಿ. ಆದರೆ ನಿಮ್ಮವರಿಗೆ ಬ್ಲೂ ಕಾರ್ಡ್, ಅಂದರೆ ಹೊರದೇಶದ ನುರಿತ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ, ಇದೆ ಎಂದಿದ್ದೀರಿ, ಹಾಗಿದ್ದರೆ ನಿಮಗೆ ದುಡಿಯಲು ಬೇರೆ ಅಪ್ಪಣೆ ಬೇಕಿಲ್ಲ. ಹೊರಗಿನಿಂದ ಬಂದು ನೆಲೆಸುವವರಿಗೆಂದು ನಡೆಸುವ ಸಾಮಾನ್ಯ ಏಕೀಕರಣ ಕೋರ್ಸಿನಲ್ಲಿ 600 ಗಂಟೆ ಭಾಷೆ, 100 ಗಂಟೆ ದೇಶದ ಕಾನೂನು ಮತ್ತು ಇತಿಹಾಸ. ಊರಿನ ಜನಶಿಕ್ಷಣ ಶಾಲೆ, ಅಂದರೆ ಫೋಕ್ಸ್‌ಹೋಖ್‌ಶೂಲೆಯಲ್ಲಿ ವಿಚಾರಿಸಿ. ಮೊಬೈಲ್ ಆ್ಯಪ್‌ನಲ್ಲಿ ಕಲಿಯುತ್ತಿದ್ದೇನೆ ಎಂದಿರಲ್ಲ, ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತರಗತಿಗೆ ಹೋದರೆ ಸಿರಿಯಾದವರು, ಉಕ್ರೇನಿನವರು ಪಕ್ಕದಲ್ಲಿ ಕೂತಿರುತ್ತಾರೆ, ಎಲ್ಲರದೂ ಹರಕು ಜರ್ಮನ್. ಅಲ್ಲಿ ನಾಚಿಕೆ ಬೇಗ ಕರಗುತ್ತದೆ.

ಮಗನ ವಿಷಯದಲ್ಲಿ ನೀವು ಅನಗತ್ಯವಾಗಿ ಹೆದರಿದ್ದೀರಿ. ಅವನು ಜರ್ಮನ್‌ನಲ್ಲಿ ಕೇಳಲಿ, ನೀವು ಕನ್ನಡದಲ್ಲಿ ಉತ್ತರಿಸಿ. ಅವನಿಗೆ ಸುಲಭವಾಗಲೆಂದು ನಿಮ್ಮ ಅರೆಬರೆ ಜರ್ಮನ್ ಬಳಸಬೇಡಿ, ಅದು ಎರಡಕ್ಕೂ ಕೇಡು.

ವೃತ್ತಿಬಾಂಧವನೆಂಬ ಅಭಿಮಾನಕ್ಕೆ ಒಂದು ಮಾತು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹರ್ಮನ್ ಮೋಗ್ಲಿಂಗ್ ಕಣ್ಣುಮುಚ್ಚಿದ್ದು ಎಸ್ಲಿಂಗೆನ್‌ನಲ್ಲಿ. ನಿಮ್ಮೂರಿನಿಂದ ಎಸ್1 ರೈಲು ನೇರವಾಗಿ ಅಲ್ಲಿಗೆ ಹೋಗುತ್ತದೆ. ಅದೇ ರೈಲನ್ನು ಎದುರು ದಿಕ್ಕಿಗೆ ಹಿಡಿದು ಹೆರೆನ್‌ಬರ್ಗ್‌ನಲ್ಲಿ ಬದಲಿಸಿದರೆ ಟ್ಯೂಬಿಂಗೆನ್. 1894ರಲ್ಲಿ ಹೊರಬಂದ ಕನ್ನಡ ನಿಘಂಟಿನ ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡ ಊರು. ಮಗನನ್ನು ಕರೆದುಕೊಂಡು ಹೋಗಿ. ಟಿಕೆಟನ್ನು ನೀವೇ ತೆಗೆಯಿರಿ.

ಇನ್ನು ವಾಪಸ್ ಬರುವ ಪ್ರಶ್ನೆ. ಡಿಸೆಂಬರ್‌ನಲ್ಲಿ ಅದನ್ನು ತೀರ್ಮಾನಿಸಬೇಡಿ. ಬೆಳಿಗ್ಗೆ ಎಂಟರ ಮೇಲೆ ಬೆಳಕು, ಸಂಜೆ ನಾಲ್ಕೂವರೆಗೆ ಕತ್ತಲು. ಅಂಥ ದಿನಗಳಲ್ಲಿ ಅಲ್ಲೇ ಹುಟ್ಟಿದವರಿಗೂ ಊರು ಬಿಡೋಣವೆನಿಸುತ್ತದೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೆ ಬೆಳಕಿರುತ್ತದೆ, ಆಗ ಯೋಚಿಸಿ. ಆಗಲೂ ಬರಬೇಕೆನಿಸಿದರೆ ಬನ್ನಿ, ಅದು ಸೋಲೆಂದು ಯಾರೂ ತಿಳಿಯಬೇಕಿಲ್ಲ.

ದಿನಕ್ಕೆ ಮೂರು ಗಂಟೆ ವಿಡಿಯೊ ಕರೆಯಲ್ಲಿ ತಾಯಿಯೊಂದಿಗೆ ಅಳುವ ಬದಲು ಅವರನ್ನು ಮೇ ತಿಂಗಳಲ್ಲಿ ಕರೆಸಿಕೊಳ್ಳಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಇರಬಹುದು. ಕನಿಷ್ಠ 30,000 ಯೂರೊ ರಕ್ಷಣೆಯ ಪ್ರವಾಸ ವಿಮೆ ಕಡ್ಡಾಯ. ಆಹ್ವಾನಪತ್ರ ಬರೆಯುವುದು, ಕಾಗದ ಜೋಡಿಸುವುದು, ಕಚೇರಿಗೆ ಅಲೆಯುವುದು ಎಲ್ಲ ಈ ಸಲ ನಿಮ್ಮ ಪಾಲಿಗಿರಲಿ. ಯಜಮಾನರು ಆ ಹೊತ್ತಿಗೆ ಮೆಟ್ಟಿಲು ಒರೆಸಲಿ.

— ಸಂಪಾದಕ