ಒಂದು ಗಂಟೆ ರಾತ್ರಿಯ ಎರಡನೇ ಊಟ

ಪ್ರಶ್ನೆ: "ಮೆಡಿಕಲ್ ಅಂಗಡಿಯಲ್ಲಿ ಕೆಲಸ. ಬಾಗಿಲು ಹಾಕುವುದು ರಾತ್ರಿ ಹತ್ತಕ್ಕೆ, ಮನೆಯಲ್ಲಿ ಊಟಕ್ಕೆ ಕೂರುವುದು ಹನ್ನೊಂದಕ್ಕೆ. ಎರಡು ವರ್ಷದಲ್ಲಿ ಒಂಬತ್ತು ಕೆ.ಜಿ. ಹೆಚ್ಚಿದ್ದೇನೆ. ಏಳರ ಮೇಲೆ ತಿಂದದ್ದೆಲ್ಲ ಕೊಬ್ಬಾಗುತ್ತದೆ ಎಂದು ಜಿಮ್‌ನವರು ಹೇಳುತ್ತಾರೆ. ನಿಜವೇ? ರಾತ್ರಿ ಊಟವನ್ನೇ ಬಿಟ್ಟುಬಿಡಲೇ?"

ಬಿಡಬೇಡಿ. ನಾನು ಬಿಟ್ಟು ನೋಡಿದ್ದೇನೆ. ಹದಿನೇಳು ರಾತ್ರಿ ಬರೀ ನೀರು ಕುಡಿದು ಮಲಗಿದೆ. ಹದಿನೆಂಟನೆಯ ರಾತ್ರಿ ಅಡುಗೆಮನೆಯಲ್ಲಿ ನಿಂತುಕೊಂಡೇ ಅರ್ಧ ಡಬ್ಬಿ ಅವಲಕ್ಕಿ ಚೂಡಾ ಮುಗಿಸಿದೆ. ಮರುದಿನವೂ ಅದೇ ಕಥೆ. ತಿಂಗಳ ಕೊನೆಗೆ ತೂಕದ ಯಂತ್ರ ಹತ್ತಿದರೆ ಮುಳ್ಳು ಇದ್ದಲ್ಲೇ ಇತ್ತು, ಮನೆಯಲ್ಲಿ ಜಗಳ ಮಾತ್ರ ಎರಡು ಹೆಚ್ಚಾಗಿದ್ದವು.

ನಾನು ವೈದ್ಯನಲ್ಲ, ಆಹಾರ ತಜ್ಞನೂ ಅಲ್ಲ. ಹುಬ್ಬಳ್ಳಿಯಲ್ಲಿ ಪತ್ರಿಕೆಯೊಂದರ ಡೆಸ್ಕಿನಲ್ಲಿ ಉಪಸಂಪಾದಕ. ಹತ್ತೊಂಬತ್ತು ವರ್ಷಗಳಿಂದ ರಾತ್ರಿ ಪಾಳಿ. ಕೊನೆಯ ಪುಟ ಮುದ್ರಣಕ್ಕೆ ಹೋಗುವುದು ಹನ್ನೆರಡೂವರೆಗೆ, ನಾನು ಮನೆ ಸೇರುವುದು ಒಂದಕ್ಕೆ. ನಿಮ್ಮ ಹನ್ನೊಂದು ಗಂಟೆ ನನ್ನ ಲೆಕ್ಕದಲ್ಲಿ ಇನ್ನೂ ಸಂಜೆ. ಕೆಲಸಕ್ಕೆ ಸೇರಿದಾಗ 71 ಕೆ.ಜಿ. ಇದ್ದವನು ಮೂರು ವರ್ಷದ ಹಿಂದೆ 88 ಮುಟ್ಟಿದ್ದೆ. ಈಗ 79ಕ್ಕೆ ಬಂದು ನಿಂತಿದ್ದೇನೆ. ಅಷ್ಟೇ ನನ್ನ ಯೋಗ್ಯತೆ.

"ಏಳರ ಮೇಲೆ ತಿಂದದ್ದೆಲ್ಲ ಕೊಬ್ಬು." ತಲೆಬರಹವಾಗಿ ಚೆನ್ನಾಗಿದೆ. ಚಿಕ್ಕದು, ಒಂದೇ ಸಾಲಿನಲ್ಲಿ ಕೂರುತ್ತದೆ, ಓದಿದವರು ಮರೆಯುವುದಿಲ್ಲ. ಆದರೆ ಕೆಳಗಿನ ವರದಿ ಓದಿದರೆ ಈ ತಲೆಬರಹ ನಿಲ್ಲುವುದಿಲ್ಲ. ಒಂದು ಕೆ.ಜಿ. ಕೊಬ್ಬು ಎಂದರೆ ಸುಮಾರು 7700 ಕ್ಯಾಲೊರಿ. ನಿಮ್ಮ ಒಂಬತ್ತು ಕೆ.ಜಿ.ಯನ್ನು ಎರಡು ವರ್ಷದ ದಿನಗಳಿಗೆ ಹಂಚಿದರೆ ದಿನಕ್ಕೆ 95 ಕ್ಯಾಲೊರಿ ಬರುತ್ತದೆ. ಒಂದು ದೊಡ್ಡ ಚಮಚ ಅಡುಗೆ ಎಣ್ಣೆಯಲ್ಲಿ ಇದಕ್ಕಿಂತ ಹೆಚ್ಚು, ಸುಮಾರು 120 ಇರುತ್ತದೆ. ದೇಹದ ಲೆಕ್ಕ ಇಷ್ಟು ನೇರವಲ್ಲ ಎಂಬುದು ಗೊತ್ತು; ಮೈ ಬೆಳೆದಂತೆ ಅದರ ಖರ್ಚೂ ಬೆಳೆಯುತ್ತದೆ, ಹಾಗಾಗಿ ನಿಜವಾಗಿ ಒಳಗೆ ಹೋದದ್ದು ಇನ್ನಷ್ಟು ಹೆಚ್ಚೇ ಇರಬೇಕು. ಆದರೂ ಅಳತೆ ಅಂದಾಜಾಗುತ್ತದೆ. ನಿಮ್ಮ ಇಡೀ ರಾತ್ರಿ ಊಟವೇ ಕಳ್ಳನಲ್ಲ. ದಿನದಲ್ಲಿ ಎಲ್ಲೋ ಒಂದು ಚಮಚ, ಒಂದು ಹಿಡಿ, ಅರ್ಧ ತಟ್ಟೆ ನಿಮ್ಮ ಗಮನಕ್ಕೆ ಬರದೆ ಒಳಗೆ ಹೋಗುತ್ತಿದೆ.

ನನ್ನ ಕಳ್ಳ ಸಿಕ್ಕಿದ್ದು ಎಗ್‌ರೈಸ್ ಗಾಡಿಯ ಮುಂದೆ. ಪುಟ ಬಿಟ್ಟ ಮೇಲೆ ನಾವು ನಾಲ್ಕೈದು ಮಂದಿ ಅಲ್ಲಿ ನಿಲ್ಲುವುದು ವಾಡಿಕೆ. ಒಂದು ರಾತ್ರಿ ಮಾತಿಗೆ ಯಾರೂ ಸಿಗದೆ ಸುಮ್ಮನೆ ಬಾಣಲೆ ನೋಡುತ್ತ ನಿಂತೆ. ಗಾಡಿಯವನ ಕೈಯಲ್ಲಿ ಮುಚ್ಚಳಕ್ಕೆ ತೂತು ಹಾಕಿದ ಪ್ಲಾಸ್ಟಿಕ್ ಬಾಟಲಿ. ಈರುಳ್ಳಿಗೆ ಒಮ್ಮೆ ಎಣ್ಣೆ ಚಿಮ್ಮಿಸಿದ. ಮೊಟ್ಟೆ ಒಡೆದು ಹಾಕಿದಾಗ ಇನ್ನೊಮ್ಮೆ. ಅನ್ನ ಸುರಿದ ಮೇಲೆ ತಳ ಹಿಡಿಯದಿರಲಿ ಎಂದು ಬಾಣಲೆಯ ಅಂಚಿನ ಸುತ್ತ ಮತ್ತೊಮ್ಮೆ. ಒಂದೊಂದು ಸಲಕ್ಕೂ ಒಂದು ದೊಡ್ಡ ಚಮಚ ಎಂದು ಹಿಡಿದರೂ ಎಣ್ಣೆಯೊಂದರಿಂದಲೇ 360 ಕ್ಯಾಲೊರಿ. ಅನ್ನ, ಮೊಟ್ಟೆ ಬೇರೆ. ಹತ್ತೊಂಬತ್ತು ವರ್ಷ ಆ ಗಾಡಿಯ ಮುಂದೆ ನಿಂತಿದ್ದೇನೆ, ಬಾಟಲಿಯನ್ನು ನೋಡಿದ್ದು ಅವತ್ತೇ ಮೊದಲು.

ಅಷ್ಟಕ್ಕೇ ಮುಗಿದಿದ್ದರೆ 88 ಆಗುತ್ತಿರಲಿಲ್ಲವೇನೋ. ಮನೆಗೆ ಬಂದರೆ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿದ ಮೂರು ರೊಟ್ಟಿ, ಪಕ್ಕದಲ್ಲಿ ಬದನೆಕಾಯಿ ಎಣಗಾಯಿ. ತಿನ್ನದೆ ಬಿಟ್ಟರೆ ಬೆಳಿಗ್ಗೆ ಹೆಂಡತಿಯ ಮುಖ ನೋಡುವುದು ಕಷ್ಟ. ಹಾಗಾಗಿ ಹೊಟ್ಟೆ ತುಂಬಿದವನು ಎರಡನೇ ಸಲ ಉಣ್ಣುತ್ತಿದ್ದೆ. ಮಲಗಿದವರಿಗೆ ಎಚ್ಚರವಾಗದಂತೆ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯುವ ವಿದ್ಯೆ ನನಗೆ ಸಿದ್ಧಿಸಿದೆ: ಡಬ್ಬಿಯನ್ನು ಹೊಟ್ಟೆಗೆ ಅವಚಿಕೊಂಡು, ಮುಚ್ಚಳದ ಅಂಚನ್ನು ಹೆಬ್ಬೆರಳಿನಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಎತ್ತಬೇಕು. ಒಂದೇ ಕಡೆ ಎಳೆದರೆ ಟಣ್ ಎನ್ನುತ್ತದೆ. ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ಇರುತ್ತಿತ್ತು. ಅದಕ್ಕೆ ಎಣ್ಣೆ ಕಲಸಿಕೊಳ್ಳದಿದ್ದರೆ ರೊಟ್ಟಿ ಇಳಿಯುವುದಿಲ್ಲ ಎಂದು ನಿಮಗೇನು ಬೇರೆ ಹೇಳಬೇಕೇ? ಯಾರಾದರೂ ಕೇಳಿದರೆ ಮಾತ್ರ "ನಾನು ರಾತ್ರಿ ಒಂದೇ ಊಟ ಮಾಡುವುದು" ಎನ್ನುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೂ ಅನಿಸುತ್ತಿರಲಿಲ್ಲ. ಗಾಡಿಯದ್ದು ನನ್ನ ಲೆಕ್ಕದಲ್ಲಿ ತಿಂಡಿ.

ಇನ್ನೂ ಹಿಂದಕ್ಕೆ ಹೋದರೆ ಸಂಜೆ ಸಿಗುತ್ತದೆ. ಮಧ್ಯಾಹ್ನ ಒಂದೂವರೆಗೆ ಊಟ, ನಾಲ್ಕೂವರೆಗೆ ಕಚೇರಿ, ಆರೂವರೆಗೆ ಡೆಸ್ಕಿಗೆ ಗಿರ್ಮಿಟ್, ಮಿರ್ಚಿ ಬಜಿ. ಅದೂ ನಾನೇ ತಲೆಬರಹ ಕೊಟ್ಟ ಹಳೆಯ ಪುಟದ ಮೇಲೆ. ಎಣ್ಣೆಯಲ್ಲಿ ಅಕ್ಷರ ಒದ್ದೆಯಾಗಿರುತ್ತದೆ. (ಅಚ್ಚಿನ ಶಾಯಿ ಹೊಟ್ಟೆಗೆ ಹೋಗಬಾರದು ಎಂಬ ಸುದ್ದಿಯನ್ನೂ ನಾವೇ ಹಾಕಿದ್ದೆವು.) ಅಲ್ಲಿಂದ ಮುಂದೆ ಆರು ತಾಸು ಚಹಾ ಬಿಟ್ಟರೆ ಏನೂ ಇಲ್ಲ. ಒಂದು ಗಂಟೆಯ ಹಸಿವು ಒಂದು ಗಂಟೆಗೆ ಹುಟ್ಟಿದ್ದಲ್ಲ, ಸಂಜೆ ಎಂಟಕ್ಕೇ ಹುಟ್ಟಿ ಐದು ತಾಸು ಕಾದು ಕುಳಿತದ್ದು ಎಂಬುದು ನನ್ನ ತಲೆಗೆ ಹೊಳೆಯಲು ಬಹಳ ಕಾಲ ಬೇಕಾಯಿತು. ಅಷ್ಟು ಹಸಿದವನಿಗೆ ಬಾಣಲೆಯ ಸದ್ದು ಕೇಳಿದ ಮೇಲೆ ವಿವೇಕ ಎಲ್ಲಿಂದ ಬರಬೇಕು?

ಹಾಗಾದರೆ ಹೊತ್ತಿಗೆ ಬೆಲೆಯೇ ಇಲ್ಲವೇ? ಇದೆ. ಜಿಮ್‌ನವರು ಪೂರ್ತಿ ಸುಳ್ಳು ಹೇಳಿಲ್ಲ. ದೇಹದೊಳಗೆ ಗಡಿಯಾರವಿದೆ; ಅದು ಹೇಗೆ ನಡೆಯುತ್ತದೆ ಎಂದು ನೊಣಗಳ ಮೇಲೆ ಕೆಲಸ ಮಾಡಿ ತೋರಿಸಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಬೆಳಿಗ್ಗೆ ತಿಂದ ಅದೇ ಅನ್ನವನ್ನು ರಾತ್ರಿ ತಿಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚು ಏರುತ್ತದೆ, ಏಕೆಂದರೆ ಆ ಹೊತ್ತಿಗೆ ಇನ್ಸುಲಿನ್ ಅಷ್ಟು ಚುರುಕಾಗಿ ಕೆಲಸ ಮಾಡುವುದಿಲ್ಲ. 2022ರಲ್ಲಿ ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ಸಂಶೋಧಕರು ತೂಕ ಹೆಚ್ಚಿದ್ದ 16 ಮಂದಿಯನ್ನು ಪ್ರಯೋಗಾಲಯದಲ್ಲೇ ಇರಿಸಿಕೊಂಡು, ಅವೇ ಊಟಗಳನ್ನು ಒಮ್ಮೆ ಹೊತ್ತಿಗೆ ಸರಿಯಾಗಿ, ಇನ್ನೊಮ್ಮೆ ಸುಮಾರು ನಾಲ್ಕು ತಾಸು ತಡವಾಗಿ ಕೊಟ್ಟರು. ತಡವಾಗಿ ಉಂಡಾಗ ಅವರಿಗೆ ಹಸಿವು ಹೆಚ್ಚಿತು, ಸಾಕು ಎಂದು ಮೆದುಳಿಗೆ ಹೇಳುವ ಲೆಪ್ಟಿನ್ ಇಳಿಯಿತು, ದೇಹ ಸುಡುವ ಕ್ಯಾಲೊರಿಯೂ ಸ್ವಲ್ಪ ತಗ್ಗಿತು.

ಇನ್ನೊಂದು ಮಗ್ಗುಲೂ ಇದೆ. ಅದೇ ವರ್ಷ ಪ್ರಕಟವಾದ ಚೀನಾದ ಗುವಾಂಗ್‌ಝೌ ಅಧ್ಯಯನದಲ್ಲಿ 139 ಸ್ಥೂಲಕಾಯರಿಗೆ ಕ್ಯಾಲೊರಿಯ ಒಂದೇ ಮಿತಿ ಹಾಕಿದರು. ಅವರಲ್ಲಿ ಒಂದು ಗುಂಪಿಗೆ ಮಾತ್ರ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಎಲ್ಲವನ್ನೂ ತಿಂದು ಮುಗಿಸಬೇಕೆಂಬ ಕಟ್ಟು. ವರ್ಷದ ಕೊನೆಗೆ ಕಟ್ಟು ಇದ್ದವರು ಸರಾಸರಿ 8 ಕೆ.ಜಿ., ಇಲ್ಲದವರು 6.3 ಕೆ.ಜಿ. ಇಳಿದಿದ್ದರು. ಆಕಸ್ಮಿಕವಾಗಿಯೂ ಬರಬಹುದಾದ ಅಂತರ ಇದು ಎಂದು ಅವರೇ ತೀರ್ಮಾನಿಸಿದರು. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನಾನು ಅರ್ಥ ಮಾಡಿಕೊಂಡದ್ದು ಇಷ್ಟು: ರೂಪಾಯಿಯಲ್ಲಿ ಗಡಿಯಾರದ ಪಾಲು ಎರಡಾಣೆ ಇರಬಹುದು, ಉಳಿದದ್ದು ತಟ್ಟೆಯ ಪಾಲು. ಆ ಎರಡಾಣೆಯೂ ಬಹುಪಾಲು ಹಸಿವಿನ ರೂಪದಲ್ಲೇ ಬರುತ್ತದೆ. ಅಳೆದು ಕೊಡುವವರು ಇದ್ದರೆ ಹಸಿವಾದರೂ ತಟ್ಟೆ ಅಷ್ಟೇ ಇರುತ್ತದೆ. ನನಗೂ ನಿಮಗೂ ರಾತ್ರಿ ಅಳೆದು ಕೊಡುವವರು ಯಾರಿದ್ದಾರೆ?

ನಮ್ಮ ಓಣಿಯಲ್ಲಿ ಜೈನರ ಮನೆಯೊಂದಿದೆ. ಹಿರಿಯರು ಕಾಳುಕಡಿ ವ್ಯಾಪಾರ ಮಾಡಿ ನಿವೃತ್ತರಾದವರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನನ್ನೂ ಹಾಕುವವರಲ್ಲ. ಹಿಂದೊಮ್ಮೆ ಅವರ ಗುಟ್ಟು ಕೇಳಲು ಹೋಗಿದ್ದೆ. ಅವರು ನಕ್ಕು ತಮ್ಮ ಹೊಟ್ಟೆ ತಟ್ಟಿ ತೋರಿಸಿದರು. ನನ್ನದಕ್ಕಿಂತ ಒಂದು ಗೇಣು ಮುಂದಿತ್ತು. "ನಾವು ರಾತ್ರಿ ಉಣ್ಣದಿರುವುದು ಜೀವಹಿಂಸೆ ಆಗದಿರಲಿ ಎಂದು, ತೂಕ ಇಳಿಯಲಿ ಎಂದಲ್ಲ. ಸಂಜೆ ಐದೂವರೆಗೆ ಹೋಳಿಗೆಗೆ ತುಪ್ಪ ಬಿಡುವವರು ತೆಳ್ಳಗಾಗುತ್ತಾರೆಯೇ?" ಎಂದರು. ಗುವಾಂಗ್‌ಝೌನವರು ಒಂದು ವರ್ಷದಲ್ಲಿ ಕಂಡದ್ದನ್ನು ಅವರು ಜಗುಲಿಯ ಮೇಲೆ ಕೂತು ಹೇಳಿ ಮುಗಿಸಿದರು.

ನಾನು ಮಾಡಿದ್ದು ದೊಡ್ಡದೇನಲ್ಲ. ಊಟವನ್ನು ಕಚೇರಿಗೆ ಒಯ್ದೆ. ಎರಡು ಜೋಳದ ರೊಟ್ಟಿ, ಮೊಳಕೆ ಬಂದ ಮಡಿಕೆಕಾಳಿನ ಪಲ್ಯ, ಮೊಸರು, ಹಸಿ ಈರುಳ್ಳಿ. ಹೊತ್ತು ಏಳೂವರೆ. ಮೊದಲ ವಾರ ತುಂಬ ಕಷ್ಟವಾಯಿತು, ಏಕೆಂದರೆ ಜಿಲ್ಲೆಗಳಿಂದ ಸುದ್ದಿ ಬಂದು ಬೀಳುವುದೂ ಅದೇ ಹೊತ್ತಿಗೆ. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಮೌಸ್. ಹಾಗೆ ಉಂಡದ್ದು ಉಂಡಂತೆಯೇ ಅನಿಸುತ್ತಿರಲಿಲ್ಲ. ಒಂದು ಗಂಟೆಗೆ ಮತ್ತೆ ಗಾಡಿಯ ಕಡೆ ಕಾಲು ಎಳೆಯುತ್ತಿತ್ತು. ಆಮೇಲೆ ಡಬ್ಬಿ ಹಿಡಿದು ಕ್ಯಾಂಟೀನಿನ ಬೆಂಚಿಗೆ ಹೋಗತೊಡಗಿದೆ. ಹದಿನೈದು ನಿಮಿಷ. ಆ ಹದಿನೈದು ನಿಮಿಷದಲ್ಲಿ ಪತ್ರಿಕೆ ಒಂದು ದಿನವೂ ನಿಂತಿಲ್ಲ.

ಮನೆಯಲ್ಲಿ ಹೇಳುವುದೇ ಹೆಚ್ಚು ಕಷ್ಟವಾಯಿತು. "ರೊಟ್ಟಿ ಮುಚ್ಚಿಡಬೇಡ" ಎಂದಾಗ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಏನು ಮುಚ್ಚಿಡಲಿ?" ಎಂದು ಕೇಳಿದಳು. ಏನೂ ಬೇಡ ಎನ್ನಲು ಬಾಯಿ ಬರಲಿಲ್ಲ. ಈಗ ಒಂದು ಲೋಟ ಮಜ್ಜಿಗೆ, ಹೆಚ್ಚಿದ ಸೌತೆಕಾಯಿ ಇರುತ್ತದೆ. ಚಳಿಗಾಲದಲ್ಲಿ ಬೇಯಿಸಿದ ಒಂದು ಮೊಟ್ಟೆ, ಅದರಲ್ಲಿ ಸುಮಾರು 75 ಕ್ಯಾಲೊರಿ. ಸೌತೆಕಾಯಿಗೆ ಚಟ್ನಿಪುಡಿ ಉದುರಿಸಿಕೊಳ್ಳುತ್ತೇನೆ, ಎಣ್ಣೆ ಇಲ್ಲ. ಗಾಡಿಗೆ ವಾರಕ್ಕೊಮ್ಮೆ, ಶನಿವಾರ ಹೋಗುತ್ತೇನೆ. ಅದನ್ನು ಬಿಡುವ ಯೋಚನೆ ನನಗಿಲ್ಲ. ಆ ದಿನ ಮನೆಗೆ ಬಂದು ಮತ್ತೆ ಉಣ್ಣುವುದಿಲ್ಲ, ಅಷ್ಟೇ. ಹೀಗೆ ಒಂಬತ್ತು ಕೆ.ಜಿ. ಇಳಿಯಲು ಹದಿನಾಲ್ಕು ತಿಂಗಳು ಹಿಡಿಯಿತು. ನಡುವೆ ಎರಡೂವರೆ ತಿಂಗಳು ಮುಳ್ಳು ಅಲ್ಲಾಡಲೇ ಇಲ್ಲ. ಮಗಳ ಪರೀಕ್ಷೆ, ಚುನಾವಣೆ ಎರಡೂ ಒಟ್ಟಿಗೆ ಬಂದಿದ್ದವು, ನಿದ್ದೆ ಐದು ತಾಸಿಗೆ ಇಳಿದಿತ್ತು. ನಿದ್ದೆ ಕೆಟ್ಟರೆ ಮರುದಿನದ ಹಸಿವು ಹತೋಟಿಯಲ್ಲಿ ಇರುವುದಿಲ್ಲ, ಇದನ್ನು ಯಾವ ರಾತ್ರಿ ಪಾಳಿಯವರನ್ನು ಕೇಳಿದರೂ ಹೇಳುತ್ತಾರೆ.

ಒಂದು ಲಾಭ ನಿರೀಕ್ಷಿಸಿರಲಿಲ್ಲ. ಉಂಡು ಕೂಡಲೇ ಮಲಗಿದಾಗ ಎದೆಗೆ ಏರುತ್ತಿದ್ದ ಹುಳಿ ತೇಗು ಮೊದಲ ತಿಂಗಳಲ್ಲೇ ನಿಂತಿತು. ಉಂಡ ಮೇಲೆ ಮಲಗಲು ಎರಡು ಮೂರು ತಾಸು ಬಿಡಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಇನ್ನು ನಿಮ್ಮ ಅಂಗಡಿ. ಏಳೂವರೆಗೆ ಉಣ್ಣಿ ಎಂದು ನಿಮಗೆ ಹೇಳುವುದು ಸುಲಭ, ಆದರೆ ಸಂಜೆ ಕ್ಲಿನಿಕ್‌ಗಳು ತೆರೆದ ಮೇಲೆ ಏಳರಿಂದ ಒಂಬತ್ತರವರೆಗೆ ಕೌಂಟರಿನ ಮುಂದೆ ಚೀಟಿ ಹಿಡಿದವರ ಸಾಲು ಇರುತ್ತದೆ. ಹಾಗಾಗಿ ನೀವು ಆರು, ಆರೂವರೆಗೇ ಏನನ್ನಾದರೂ ಸರಿಯಾಗಿ ತಿನ್ನಿ. ಬಿಸ್ಕತ್ತು, ಚಹಾ ಅಲ್ಲ. ಮನೆಯ ಚಪಾತಿ ಪಲ್ಯವೋ, ಉಸಳಿಯೋ, ಎರಡು ಇಡ್ಲಿಯೋ. ಹನ್ನೊಂದಕ್ಕೆ ಮನೆಯವರ ಜೊತೆ ಕೂತು ಉಣ್ಣಿ, ಅದನ್ನೂ ಬಿಡಬೇಡಿ, ದಿನದಲ್ಲಿ ಮಾತಿಗೆ ಸಿಗುವ ಹೊತ್ತು ಅದೊಂದೇ ಇರಬಹುದು. ಆದರೆ ಆರರ ಊಟ ದೊಡ್ಡದಾದರೆ ಹನ್ನೊಂದರದ್ದು ತಾನಾಗಿಯೇ ಚಿಕ್ಕದಾಗುತ್ತದೆ. ಅನ್ನದ ಪಾತ್ರೆಯನ್ನು ಊಟದ ಜಾಗಕ್ಕೆ ತರಬೇಡಿ, ಒಲೆಯ ಹತ್ತಿರವೇ ಇರಲಿ. ಎದ್ದು ಹೋಗಿ ಬಡಿಸಿಕೊಳ್ಳುವ ಸೋಮಾರಿತನ ನನಗಂತೂ ಬಹಳ ಉಪಕಾರ ಮಾಡಿದೆ.

ಮೆಡಿಕಲ್ ಅಂಗಡಿಯವರಿಗೆ ಇದನ್ನು ಹೇಳಬೇಕಾಗಿಲ್ಲ, ಆದರೆ ಓದುವ ಬೇರೆಯವರಿಗಾಗಿ: ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ರಾತ್ರಿ ಊಟದ ಹೊತ್ತನ್ನೋ ಅಳತೆಯನ್ನೋ ತಾವಾಗಿಯೇ ಬದಲಿಸಬಾರದು. ಮಲಗಿದಲ್ಲೇ ಸಕ್ಕರೆ ಕುಸಿಯಬಹುದು. ಮೊದಲು ವೈದ್ಯರನ್ನು ಕೇಳಿ.

ತೂಕದ ಜೊತೆ ಸೊಂಟವನ್ನೂ ಅಳೆಯುತ್ತಿರಿ. ನಮ್ಮ ದೇಶದವರಿಗೆ ಗಂಡಸರಾದರೆ 90 ಸೆಂ.ಮೀ., ಹೆಂಗಸರಾದರೆ 80 ಮಿತಿ. ನನ್ನದು 104ರಿಂದ 95ಕ್ಕೆ ಬಂದಿದೆ, ಇನ್ನೂ ದಾರಿ ಇದೆ.

ಯಾವುದನ್ನೂ ಬದಲಿಸುವ ಮೊದಲು ಮೂರು ದಿನ ಒಂದು ಕೆಲಸ ಮಾಡಿ. ಸಂಜೆ ಐದರಿಂದ ಮಲಗುವ ತನಕ ಬಾಯಿಗೆ ಹೋದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ. ಗ್ರಾಹಕರು ಕೊಟ್ಟ ಪೇಡೆ, ಪಕ್ಕದ ಅಂಗಡಿಯವರ ಚಹಾ, ಅಡುಗೆಮನೆಯಲ್ಲಿ ನಿಂತು ತಿಂದದ್ದು, ಎಲ್ಲವನ್ನೂ. ನಿಂತು ತಿಂದದ್ದನ್ನು ಮುಖ್ಯವಾಗಿ. ಅದನ್ನು ಇಲ್ಲೇ ಹಾಕಿದರೆ ನೋಡಿ ಹೇಳುತ್ತೇನೆ, ಪುಟ ಬಿಟ್ಟು ಮನೆಗೆ ಬಂದ ಮೇಲೆ, ಒಂದು ಗಂಟೆಗೆ.