ಕಲ್ಲಿದ್ದಲು ಹಾಕೋರು ಯಾರು?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: 'ನಾನು ವಾಹನಗಳೇ ರೋಬೋಗಳಾಗುವ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನ್ ನೋಡುತ್ತಾ ಬೆಳೆದವನು. ಈಗಲೂ ಅವುಗಳ ಚಿತ್ರ ಬರೆಯುತ್ತೇನೆ. ಆ ದೈತ್ಯ ರೋಬೋಗಳನ್ನು ವಿಕ್ಟೋರಿಯಾ ರಾಣಿಯ ಕಾಲಕ್ಕೆ ಒಯ್ದು, ಉಗಿಯಂತ್ರಗಳ ಕಾಲದವು ಅನ್ನುವಂತೆ ಮೈಗೆಲ್ಲ ಹಿತ್ತಾಳೆ ಹಲ್ಲುಚಕ್ರ ಅಂಟಿಸುವ ಸ್ಟೀಮ್‌ಪಂಕ್ ಶೈಲಿಯ ಹುಚ್ಚು ಯಾಕೆ? ಬರೀ ವೇಷ ಅಲ್ವಾ?'

ಪ್ರಿಯ ಓದುಗರೇ,

ಸುಮ್ನೆ ಚಕ್ರ ಅಂಟಿಸಿದರೆ ವೇಷವೇ, ಒಪ್ಪಿದೆ. ಆದರೆ ಉಗಿಯನ್ನು ನಂಬಿ ಬರೆದರೆ ಕತೆಯೇ ಬೇರೆಯಾಗುತ್ತದೆ.

ಚಿಕ್ಕಂದಿನಲ್ಲಿ ಅರಸೀಕೆರೆ ನಿಲ್ದಾಣದಲ್ಲಿ ರೈಲು ನಿಂತರೆ ಸಾಕು, ನಾನು ಎಂಜಿನ್ ಹತ್ತಿರ ಓಡುತ್ತಿದ್ದೆ. ಫೈರ್‌ಮನ್ ಸಲಿಕೆ ತುಂಬ ಕಲ್ಲಿದ್ದಲು ಎತ್ತಿ ಒಲೆಗೆ ಎಸೆಯುತ್ತಿದ್ದ. ಬೆಂಕಿಯ ಬೆಳಕಿಗೆ ಅವನ ಬೆವರಿದ ಮುಖ ಕೆಂಪಗೆ ಹೊಳೆಯುತ್ತಿತ್ತು. ಹಿಂದೆ ದಪ್ಪ ಕೊಳವೆಯಿಂದ ದಬದಬ ನೀರು ಸುರಿಯುತ್ತಿತ್ತು. ಆ ಎಂಜಿನ್ನಿಗೆ ಹಸಿವೂ ಇತ್ತು, ಬಾಯಾರಿಕೆಯೂ ಇತ್ತು.

ಟ್ರಾನ್ಸ್‌ಫಾರ್ಮರ್ಸ್ ನಾಯಕ, 1984ರ ಆಪ್ಟಿಮಸ್ ಪ್ರೈಮ್, ಕ್ಷಣದಲ್ಲಿ ಟ್ರಕ್ಕಿನಿಂದ ರೋಬೋ ಆಗುತ್ತಾನೆ. ಅವನನ್ನೇ 1859ರ ಲಂಡನ್ನಿನಲ್ಲಿ ನಿಲ್ಲಿಸಿ ನೋಡಿ. ತಣ್ಣಗಿರುವ ಬಾಯ್ಲರಿನಲ್ಲಿ ಉಗಿ ಏಳಲು ಗಂಟೆಗಟ್ಟಲೆ ಬೇಕು. ಶತ್ರು ಬರುವ ಸುದ್ದಿ ಹಿಂದಿನ ರಾತ್ರಿಯೇ ಸಿಗಬೇಕು. ನೀರಿಲ್ಲದ ಕಡೆ ಹೋಗುವಂತಿಲ್ಲ. ಹೊಗೆ ಬಿಡುತ್ತಾ ಅಡಗುವುದಂತೂ ಆಗದ ಮಾತು. ಜನ ಅವನನ್ನು ರೋಬೋ ಅಂತಲೂ ಕರೆಯಲಾರರು. ಆ ಪದ ಬಂದದ್ದೇ 1920ರಲ್ಲಿ, ಕರೆಲ್ ಚಾಪೆಕ್ ಬರೆದ ಚೆಕ್ ನಾಟಕದಿಂದ.

ಇನ್ನು, ಅವನಿಗೆ ಕಲ್ಲಿದ್ದಲು ಹಾಕೋರು ಯಾರು? ನನಗೆ ಇದೇ ದೊಡ್ಡ ಪ್ರಶ್ನೆ. ಇಂಗ್ಲಿಷ್ ಎಂಜಿನಿಯರ್ ಬ್ರುನೆಲ್ ರೂಪಿಸಿದ, ಉಗಿಯಿಂದ ಓಡುವ ಗ್ರೇಟ್ ಈಸ್ಟರ್ನ್ ಆ ಕಾಲದ ಅತಿ ದೊಡ್ಡ ಹಡಗು, 211 ಮೀಟರ್ ಉದ್ದ. 1859ರ ಸೆಪ್ಟೆಂಬರಿನಲ್ಲಿ ಪರೀಕ್ಷೆಗೆಂದು ಸಮುದ್ರಕ್ಕಿಳಿಯಿತು. ಅದರ ಹೊಗೆಕೊಳವೆಯ ಸುತ್ತ ನೀರು ಕಾಯಿಸುವ ಕವಚವಿತ್ತು. ಉಗಿ ಹೊರಹೋಗಬೇಕಾದ ಕವಾಟವನ್ನು ಯಾರೋ ಮುಚ್ಚಿಬಿಟ್ಟಿದ್ದರು. ಕವಚ ಸಿಡಿಯಿತು. ಕೆಳಗೆ ಒಲೆಗಳ ಮುಂದೆ ದುಡಿಯುತ್ತಿದ್ದ ಸ್ಟೋಕರ್‌ಗಳು ಬೆಂದು ಸತ್ತರು. ದೈತ್ಯನ ಹೊಟ್ಟೆಯೊಳಗೆ ಇಂಥ ನಾಲ್ಕು ಜನ ಸಲಿಕೆ ಹಿಡಿದು ನಿಂತಿದ್ದಾರೆ ಅಂದುಕೊಳ್ಳಿ. ಅವನು ತಿನ್ನುವ ಒಂದೊಂದು ಏಟೂ ಅವರ ಮೈಗೆ ತಾಗುತ್ತದೆ. ಯುದ್ಧಕ್ಕಿಳಿಯುವ ಮೊದಲು ಆಪ್ಟಿಮಸ್ ಅವರನ್ನು ಕೇಳಬೇಕಲ್ವಾ?

ಇಂಥದ್ದೊಂದು ಪ್ರಯತ್ನ 2006ರಲ್ಲೇ ಆಗಿದೆ. 'ಹಾರ್ಟ್ಸ್ ಆಫ್ ಸ್ಟೀಲ್' ಎಂಬ ನಾಲ್ಕು ಸಂಚಿಕೆಯ ಕಾಮಿಕ್ಸ್ ಈ ರೋಬೋಗಳನ್ನು 19ನೇ ಶತಮಾನದ ಅಮೆರಿಕಕ್ಕೆ ಒಯ್ದಿತು. ಅಲ್ಲಿ ಅವುಗಳ ಜೊತೆ ಜಾನ್ ಹೆನ್ರಿ ಇದ್ದಾನೆ. ಉಗಿಯಿಂದ ನಡೆಯುವ ಡ್ರಿಲ್ ಜೊತೆ ಪಂದ್ಯ ಕಟ್ಟಿ, ಬರೀ ಸುತ್ತಿಗೆಯಿಂದ ಬಂಡೆ ಕೊರೆದು ಗೆದ್ದು, ಗೆದ್ದ ಆಯಾಸಕ್ಕೇ ಪ್ರಾಣ ಬಿಟ್ಟ ಕಪ್ಪು ಕೂಲಿಯಾಳು ಅಂತ ಅಮೆರಿಕದ ಜನಪದ ಹಾಡುಗಳು ಅವನನ್ನು ಹಾಡುತ್ತವೆ. ಯಂತ್ರದ ಎದುರು ಮೈಯೊಡ್ಡಿ ನಿಂತವನನ್ನೇ ಯಂತ್ರಗಳ ಕತೆಗೆ ಕರೆತಂದದ್ದು ನನಗೆ ತುಂಬಾ ಹಿಡಿಸಿತು.

ಚಿತ್ರ ಬರೆಯುತ್ತೇನೆ ಅಂದಿದ್ದೀರಿ. ಉಗಿಯ ಆಪ್ಟಿಮಸ್‌ನ ಒಂದು ಪುಟ ಬರೆದು ಕಳಿಸಿ, ಅಚ್ಚು ಹಾಕುತ್ತೇವೆ. ಅವನ ಎದೆಯ ಬಾಗಿಲು ತೆರೆದಿರಲಿ. ಒಳಗೆ ಸಲಿಕೆ ಹಿಡಿದವನ ಮುಖ ಕಾಣಲಿ.

— ಸಂಪಾದಕ