ಪ್ರತಿಕ್ರಿಯೆ: ಆಂಟೆನಾ ಕಂಬಕ್ಕೆ ಬೇರೆ ಅರ್ಥಿಂಗ್ ಸಾಕೇ?

ನಮಸ್ಕಾರ. ಉಡುಪಿಯ ನಿಮ್ಮ ಮನೆಯ ಪಕ್ಕದಲ್ಲಿ ರೇಡಿಯೋ ಆಂಟೆನಾಗೆ ಒಂಬತ್ತು ಮೀಟರ್ ಕಂಬ ನಿಲ್ಲಿಸಿ, ಅದಕ್ಕೆಂದೇ ಪ್ರತ್ಯೇಕ ಅರ್ಥಿಂಗ್ ಗುಂಡಿ ತೋಡಿದರೆ ಸಾಕೇ ಎಂದು ಕೇಳಿದ್ದೀರಿ. ಖಂಡಿತ ಸಾಲದು. ಆ ಗುಂಡಿಯನ್ನು ಮನೆಯ ವಿದ್ಯುತ್ ಅರ್ಥಿಂಗ್‌ಗೆ ದಪ್ಪ ತಾಮ್ರದ ಪಟ್ಟಿಯಿಂದ ಜೋಡಿಸಲೇಬೇಕು. ಎರಡೂ ಬೇರೆಯಾಗಿಯೇ ಉಳಿದರೆ, ಸಿಡಿಲು ಬಡಿದ ಕ್ಷಣ ಅವುಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ. ಆಗ ವಿದ್ಯುತ್ ಹರಿದುಹೋಗುವ ದಾರಿ ನಿಮ್ಮ ರೇಡಿಯೋ ಸೆಟ್ಟೇ ಆಗುತ್ತದೆ.

ನಮ್ಮ ಮುರಕಲ್ಲಿನ ನೆಲ ಏಪ್ರಿಲ್‌ನಲ್ಲಿ ಒಣಗಿ ಬಿರುಸಾಗಿರುತ್ತದೆ, ಗುಡುಗುಮಳೆ ಶುರುವಾಗುವುದೂ ಆಗಲೇ. ಒಣನೆಲದಲ್ಲಿ ವಿದ್ಯುತ್ ಸಲೀಸಾಗಿ ಇಳಿಯದು, ಹಾಗಾಗಿ ನೆಲದಲ್ಲಿ ಹೂಳುವ ಲೋಹದ ಒಂದೇ ರಾಡನ್ನು ನೆಚ್ಚಬೇಡಿ. ಮೂರು ರಾಡ್ ಹೂತು, ರಾಡಿನ ಉದ್ದದ ಎರಡು ಪಟ್ಟು ಅಂತರ ಕೊಟ್ಟು, ಒಂದಕ್ಕೊಂದು ಕಟ್ಟಿ. ಕಂಬದಿಂದ ಇಳಿಯುವ ಪಟ್ಟಿ ನೇರವಾಗಿರಲಿ, ಮೂಲೆಯಲ್ಲಿ ಚೂಪಾಗಿ ಮಡಿಸಬೇಡಿ.

ಆಂಟೆನಾದ ಕೇಬಲ್ ಗೋಡೆ ದಾಟುವಲ್ಲಿ ಸರ್ಜ್ ಅರೆಸ್ಟರ್ (ಏಕಾಏಕಿ ಏರುವ ವೋಲ್ಟೇಜನ್ನು ನೆಲಕ್ಕೆ ಹಾಯಿಸುವ ಸಾಧನ) ಹಾಕಿ, ಅದನ್ನೂ ಇದೇ ಅರ್ಥಿಂಗ್‌ಗೆ ಸೇರಿಸಿ. ಆದರೂ ನೇರ ಸಿಡಿಲಿಗೆ ಅದರ ಭರವಸೆಯಿಲ್ಲ. ಮೋಡ ಕಟ್ಟುವ ಮೊದಲೇ ಕೇಬಲ್ ಕಳಚಿ ತುದಿಯನ್ನು ಮನೆಯ ಹೊರಗಿಡಿ. ನಾನೊಮ್ಮೆ ಕಳಚಿ ಮೇಜಿನ ಮೇಲೆಯೇ ಬಿಟ್ಟಿದ್ದೆ. ಕನೆಕ್ಟರಿನಿಂದ ಕಿಡಿ ಹಾರಿ ಸುಟ್ಟ ಕಲೆ, ಬೆರಳಗಲದ್ದು, ಇಂದಿಗೂ ಅಲ್ಲಿದೆ. ಗುಡುಗು ಕೇಳಿದ ಮೇಲಂತೂ ದಯವಿಟ್ಟು ಕೇಬಲ್ ಮುಟ್ಟಬೇಡಿ.

ಉಪ್ಪುಗಾಳಿಗೆ ಕ್ಲ್ಯಾಂಪುಗಳು ಹಸಿರುಗಟ್ಟುತ್ತವೆ. ಮಾರ್ಚ್‌ನಲ್ಲೊಮ್ಮೆ, ಅಕ್ಟೋಬರ್‌ನ ಗುಡುಗಿಗೆ ಮೊದಲು ಇನ್ನೊಮ್ಮೆ ಬಿಚ್ಚಿ ಉಜ್ಜಿ, ಮತ್ತೆ ಬಿಗಿಗೊಳಿಸಿ.